ರೂತಕ್ಕನವರು ಒಪ್ಪದ ಪ್ರಾರ್ಥನೆಗಳು

ರೂತಕ್ಕನವರು ಪ್ರಾರ್ಥನೆಗಳನ್ನು ತಿರಸ್ಕರಿಸುತ್ತಿದ್ದರು ಎಂಬ ಅಂಶವನ್ನು ಓದುಗ ಮಹನೀಯರ ಗಮನಕ್ಕೆ ಮೊದಲಿಗೇ ತರಬಯಸುತ್ತೇನೆ. ದೇವರು ಕೇಳುವುದಕ್ಕೆ ಮುಂಚೆ ಅವರು ಕೇಳುತ್ತಿದ್ದರು. ಸರಿಯಿಲ್ಲವೆಂದು ಕಂಡರೆ ಮುಚ್ಚಿದ ಕಣ್ಣು ಮುಚ್ಚಿದಂತೆಯೇ ಇರುತ್ತಿತ್ತು, ಬಲಗೈಯ ತೋರುಬೆರಳು ಮಾತ್ರ ಮೇಲೇಳುತ್ತಿತ್ತು. "ರಿಜೆಕ್ಟು" ಎನ್ನುತ್ತಿದ್ದರು. ಪ್ರಾರ್ಥಿಸುತ್ತಿದ್ದವರು ಆಮೆನ್ ತಲುಪುವ ಮೊದಲೇ ನಿಂತುಬಿಡಬೇಕಾಗುತ್ತಿತ್ತು.

ಅವರು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ತಪಾಸಣಾ ವಿಭಾಗದಲ್ಲಿದ್ದವರು. ಸಣ್ಣ ಸಣ್ಣ ವಾಲ್ವುಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಡಬ್ಬಿಗೆ ಹಾಕುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ತರುವಾಯ ಡೆಂಕಣಿಕೋಟೆಯ ತಮ್ಮ ಮನೆಯ ಜಗಲಿಯಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಮಿಷನ್ ಪ್ರಾರ್ಥನಾ ಕೂಟವನ್ನು ನಡೆಸುತ್ತಿದ್ದರು. ನಾವು ಹನ್ನೊಂದು ಮಂದಿ ಸದಸ್ಯರು. ನಮ್ಮ ಚರ್ಚಿನ ಸಭೆಯಲ್ಲೇ ಬೆಳೆದು ನರ್ಸ್ ಆದ ಎಸ್ತರ್ ಎಂಬ ಹೆಣ್ಣುಮಗಳು ಆಫ್ರಿಕಾ ಖಂಡದ ಮಲಾವಿ ದೇಶದಲ್ಲಿ, ದೊಡ್ಡದೊಂದು ಸರೋವರದ ದಡದ ಚಿಕಿತ್ಸಾಲಯದಲ್ಲಿ ಸೇವೆಯಲ್ಲಿದ್ದಾಳೆ. ಅವಳನ್ನು ಪ್ರಾರ್ಥನೆಯಿಂದಲೂ ಕಾಣಿಕೆಯಿಂದಲೂ ಆಧರಿಸುವುದು ಸದರಿ ಕೂಟದ ಉದ್ದೇಶ.

ನಾನು ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವನು. ನಮ್ಮೂರು ಗಡಿಯಾಚೆ ತಮಿಳು ಸೀಮೆಗೆ ಸೇರಿರುವುದರಿಂದ ಹಗಲೆಲ್ಲ ತಮಿಳಿನಲ್ಲಿ ಬರೆಯುತ್ತೇನೆ. ಕನ್ನಡವನ್ನು ಮನೆಗೂ ಪ್ರಾರ್ಥನೆಗೂ ಇಟ್ಟುಕೊಂಡಿದ್ದೇನೆ. ಅರ್ಜಿಯಲ್ಲದ ಬರಹ ಇದೇ ಮೊದಲಾದ್ದರಿಂದ ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಕೂಟಕ್ಕೆ ನಾನು ಮೊದಲ ಸಲ ಹೋದ ದಿನ ಜವಳಗಿರಿಯ ಶಾಂತಮ್ಮನವರು ಪ್ರಾರ್ಥಿಸುತ್ತಿದ್ದರು. ತರಕಾರಿ ಬೆಳೆಯುವ ಇವರದು ದೊಡ್ಡ ಗಂಟಲು. "ಲೋಕದಾಗಿರೋ ಎಲ್ಲಾ ಮಿಷನರಿಗಳ್ನೂ ಆಶೀರ್ವಾದ ಮಾಡಪ್ಪಾ ತಂದೆ..."

ಬೆರಳು ಮೇಲೆದ್ದಿತು. "ರಿಜೆಕ್ಟು. ಎಲ್ಲಾರ್ನೂ ಅಂದ್ರೆ ಯಾರಮ್ಮಿ? ಎಸ್ತರ್‌ಗೆ ನಾಲ್ಕ್ ದಿನದಿಂದ ಜ್ವರ ಅಂತ ಫೋನ್ ಬಂದೈತಲ್ಲ, ಅದನ್ ಹೇಳು. ಇನ್ನೊಂದ್ ಕಿತ ಮಾಡು."

"ಅಕ್ಕಾ, ದೇವ್ರಿಗೆ ಗೊತ್ತಿಲ್ವಾ?"

"ದೇವ್ರಿಗೆ ಗೊತ್ತು. ನಿಂಗ್ ಗೊತ್ತೈತಾ ಅಂತ ನಾನ್ ನೋಡ್ತಿರೋದು."

ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು ಅಭ್ಯಾಸವಿದ್ದ ಭಾಷೆಯೊಂದೇ. ಸರ್ವಶಕ್ತರಾದ ತಮ್ಮ ಸನ್ನಿಧಾನಕ್ಕೆ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮಲಾವಿ ದೇಶದ ಸರೋವರದ ದಡದಲ್ಲಿ ವಾಸವಾಗಿರುವ ಎಸ್ತರ್ ಎಂಬುವಳು ನಾಲ್ಕು ದಿನಗಳಿಂದ ಜ್ವರಪೀಡಿತಳಾಗಿರುವುದರಿಂದ, ದಯವಿಟ್ಟು ಆಕೆಯ ಜ್ವರವನ್ನು ಇಳಿಸಿಕೊಡಬೇಕಾಗಿ... ಇಷ್ಟು ಹೇಳುವಷ್ಟರಲ್ಲಿ ಜಗಲಿಯೆಲ್ಲ ನಗು. ನಾನು ನಾಚಿಕೆಯಿಂದ ಕಣ್ಣು ಬಿಟ್ಟೆ. ರೂತಕ್ಕನವರು ಮಾತ್ರ ನಗುತ್ತಿರಲಿಲ್ಲ.

"ಯಾಕ್ರಮ್ಮಿ ನಗ್ತೀರಿ? ಇವನ ಪ್ರಾರ್ಥನೆನಾಗೆ ಹೆಸರೈತೆ, ಊರೈತೆ, ಎಷ್ಟ್ ದಿನದಿಂದ ಅಂತ ಐತೆ, ಏನ್ ಬೇಕು ಅಂತ ಐತೆ. ಲೇ ಸಾಮು, ಮುಂದಿನ ವಾರದಿಂದ ನೀನೇ ಕಣ್ಲಾ ನಮ್ ಸೆಕ್ರೆಟ್ರಿ."

ಹೀಗೆ ನಾನು ನೇಮಕಗೊಂಡೆ. ನಲವತ್ತು ವರ್ಷ ಯಾವ ಸಭೆಯಲ್ಲೂ ಬಾಯಿ ತೆರೆಯದಿದ್ದವನಿಗೆ ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ನೆಲ ಕಾಲಿಗೆ ಸಿಗುತ್ತಿರಲಿಲ್ಲ.

ಕಾಣಿಕೆಯ ವಿಷಯದಲ್ಲಿಯೂ ಅವರದು ಅದೇ ನಿಷ್ಠೆ. "ಉಳಿದಿದ್ದನ್ನ ಕೊಡೋದಲ್ಲ, ಬೇರೆ ಮಾಡಿ ಮಡಗಬೇಕು" ಎನ್ನುವರು. ಅದರಂತೆ ಶಾಂತಮ್ಮನವರ ತೋಟದಲ್ಲಿ ಹುರುಳಿಕಾಯಿಯ ಒಂದು ಸಾಲು ಮಿಷನ್ ಸಾಲು. ಪ್ರತಿದಿನ ನಾನು ಬರೆಯುವ ಮೊದಲ ಅರ್ಜಿಯ ಕೂಲಿ ಮಿಷನ್ ಕೂಲಿ. ರೂತಕ್ಕನವರ ಕೋಳಿಗಳಲ್ಲಿ ಕಾಲಿಗೆ ನೀಲಿ ದಾರ ಕಟ್ಟಿದ ಒಂದು ಹೇಂಟೆ ಮಲಾವಿ ಕೋಳಿ. ಅದರ ಮೊಟ್ಟೆಯನ್ನು ಅವರ ಮನೆಯಲ್ಲಿ ಯಾರೂ ತಿನ್ನುವಂತಿರಲಿಲ್ಲ.

ಒಂದು ಸಲ ಆ ಹೇಂಟೆ ಪಕ್ಕದ ಮನೆಯ ಮುನಿಯಪ್ಪನವರ ಹುಲ್ಲಿನ ಮೆದೆಯಲ್ಲಿ ಕದ್ದು ಮೊಟ್ಟೆಯಿಡತೊಡಗಿತು. ಮುನಿಯಪ್ಪನವರು ತಮ್ಮ ಮನೆದೇವರಿಗೆ ನಡೆದುಕೊಳ್ಳುವ ರೈತರು. ಒಂದು ಬೆಳಿಗ್ಗೆ ಟವೆಲಿನಲ್ಲಿ ಒಂಬತ್ತು ಮೊಟ್ಟೆ ಕಟ್ಟಿಕೊಂಡು ಬಂದು ಜಗಲಿಯ ಮೇಲಿಟ್ಟರು.

"ತಗೋ ರೂತಮ್ಮ, ನಿಮ್ ಫಾರಿನ್ ಕೋಳಿ ಮೊಟ್ಟೆ. ನಮ್ಮೋಳು ಸಾರು ಮಾಡ್ತೀನಿ ಅಂದ್ಲು. ಬ್ಯಾಡ ಕಣೇ, ಆ ನರ್ಸಮ್ಮ ಅಲ್ಲಿಂದ ಸೂಜಿ ತಗೊಂಡ್ ಬಂದ್ಬುಟ್ಟಾಳು ಅಂದೆ."

ರೂತಕ್ಕನವರು ನಕ್ಕು ನಕ್ಕು ಕೆಮ್ಮಿದರು. ಮುಂದಿನ ಶುಕ್ರವಾರದ ಪ್ರಾರ್ಥನಾ ಪಟ್ಟಿಯಲ್ಲಿ ಮುನಿಯಪ್ಪನವರ ಹಸುವಿನ ಕೆಚ್ಚಲು ಬಾವು ಮೂರನೆಯ ಅಂಶವಾಗಿ ಸೇರಿತ್ತು.

ಇನ್ನು ಎಂಜಿನ್ನಿನ ವಿಷಯ. ಸರೋವರದ ಆಚೆಯ ಹಳ್ಳಿಗಳಿಂದ ಬಸುರಿಯರನ್ನು ಹುಟ್ಟುದೋಣಿಯಲ್ಲಿ ಕರೆತರುವಷ್ಟರಲ್ಲಿ ಗಂಟೆಗಟ್ಟಲೆ ಆಗುತ್ತದೆ, ದೋಣಿಗೊಂದು ಎಂಜಿನ್ ಬೇಕು ಎಂದು ಎಸ್ತರ್ ಬರೆದಿದ್ದಳು. ಒಬ್ಬ ತಾಯಿ ನೀರಿನ ಮಧ್ಯದಲ್ಲೇ ತೀರಿಕೊಂಡಿದ್ದಳಂತೆ. ನಾವೆಲ್ಲ ಕಣ್ಣೀರಿಟ್ಟು ಎಂಜಿನ್ನಿಗಾಗಿ ಪ್ರಾರ್ಥಿಸುತ್ತಿರುವಾಗ ಮತ್ತೆ ಬೆರಳು.

"ಎಷ್ಟ್ ಎಚ್‌ಪಿ?"

ಯಾರಿಗೂ ತಿಳಿದಿರಲಿಲ್ಲ.

"ಎರಡ್ ಎಚ್‌ಪಿದು ಬಂದ್ರೆ ಏನ್ ಮಾಡ್ತಾಳೆ ಅವಳು? ಸಾಮು, ಬರ್ದು ಕೇಳ್ಲಾ."

ಬರೆದು ಕೇಳಿದೆ. ಹದಿನೈದು ಎಂದು ಉತ್ತರ ಬಂತು. ಅಂದಿನಿಂದ ಎಂಟು ತಿಂಗಳು ನಾವು ಹನ್ನೊಂದು ಮಂದಿ, ನಮ್ಮಲ್ಲಿ ಮೂವರಿಗೆ ಎಚ್‌ಪಿ ಎಂದರೇನೆಂದೇ ತಿಳಿಯದಿದ್ದರೂ, ಹದಿನೈದು ಎಚ್‌ಪಿ ಎಂಜಿನ್ನಿಗಾಗಿ ಪ್ರಾರ್ಥಿಸಿದೆವು. ಚರ್ಚಿನಲ್ಲಿ ಸುಗ್ಗಿ ಹಬ್ಬದ ಆರಾಧನೆ ಮುಗಿದ ಮೇಲೆ ಶಾಂತಮ್ಮನವರ ಒಂದು ಕುಂಬಳಕಾಯಿಯನ್ನು ನಾಲ್ಕು ಸಲ ಹರಾಜು ಹಾಕಿದೆವು. ಕೂಗಿ ಕೊಂಡವರೆಲ್ಲರೂ ಅದನ್ನು ಮತ್ತೆ ಮಿಷನ್ನಿಗೇ ಕೊಟ್ಟುಬಿಡುತ್ತಿದ್ದರು. ನಮ್ಮ ಪಾಲು ಚಿಕ್ಕದೇ. ಉಳಿದದ್ದು ಬೇರೆ ಬೇರೆ ಊರುಗಳ ಸಭೆಗಳಿಂದ ಕೂಡಿಬಂತು.

ಎಂಜಿನ್ ತಲುಪಿದ ಸುದ್ದಿ ನನ್ನ ಫೋನಿಗೆ ಬಂದಾಗ ನಾನು ಒಬ್ಬರ ಜಮೀನಿನ ಪಟ್ಟಾ ಅರ್ಜಿಯ ಮಧ್ಯದಲ್ಲಿದ್ದೆ. ಅರ್ಜಿದಾರರನ್ನು ಅಲ್ಲೇ ಕೂರಿಸಿ, ಕ್ಷಮೆಯನ್ನೂ ಕೇಳದೆ, ಪೇಟೆ ಬೀದಿಯಲ್ಲಿ ಓಡಿದೆ. ರೂತಕ್ಕನವರು ಅಂಗಳದಲ್ಲಿ ರಾಗಿ ಕೇರುತ್ತಿದ್ದರು.

"ಅಕ್ಕಾ, ಎಂಜಿನ್ ಬಂತು!"

"ಎಷ್ಟ್ ಎಚ್‌ಪಿ?"

"ಹದಿನೈದಕ್ಕಾ! ಹದಿನೈದು!"

ಮೊರ ಕೆಳಗೆ ಬಿತ್ತು. ಅವರು ಆ ವಯಸ್ಸಿನಲ್ಲಿ ಅಂಗಳದ ತುಂಬ ಅಟ್ಟಿಸಿಕೊಂಡು ಹೋಗಿ ನೀಲಿ ದಾರದ ಹೇಂಟೆಯನ್ನು ಹಿಡಿದು, ಎರಡು ಕೈಯಲ್ಲಿ ಮೇಲೆತ್ತಿ, "ಕೇಳಿಸ್ಕೊಂಡೇನೇ? ನಿನ್ ಮೊಟ್ಟೆ ನೀರ್ ಮೇಲೆ ಓಡ್ತೈತೆ ಕಣೇ!" ಎಂದು ಕೂಗಿದರು. ಮುನಿಯಪ್ಪನವರು ಬೇಲಿಯಾಚೆಯಿಂದ ಏನಾಯಿತೆಂದು ಗಾಬರಿಯಾಗಿ ನೋಡಿದರು.

ಆ ಎಂಜಿನ್ನಿನ ದೋಣಿಯಲ್ಲಿ ಮೊದಲು ದಾಟಿ ಬಂದವಳ ಹೆಸರು ಚಿಕೋಂಡಿ. ತಾಯಿಯೂ ಮಗುವೂ ಕ್ಷೇಮ ಎಂದು ಎಸ್ತರ್ ತಿಳಿಸಿದಳು. ರೂತಕ್ಕನವರು ಅಂದಿನಿಂದ ಪ್ರತಿ ಶುಕ್ರವಾರ ತಾವೇ ಚಿಕೋಂಡಿಯ ಹೆಸರನ್ನು ಹೇಳಿ ಪ್ರಾರ್ಥಿಸತೊಡಗಿದರು. ಆ ಹೆಸರನ್ನು ಇನ್ನಾರಿಗೂ ಬಿಟ್ಟುಕೊಡಲಿಲ್ಲ.

ಇದಾದ ಮರುವರ್ಷ ಅವರು ಒಂದು ದಿನ ತಾಲ್ಲೂಕು ಕಚೇರಿಯ ಮುಂದೆ ನನ್ನ ಮೇಜಿನ ಬಳಿಗೆ ಬಂದರು. ಸರ್ಕಾರಿ ವಿಮೆಯಲ್ಲಿ ಆಪರೇಷನ್ ಮಾಡಿಸಿಕೊಳ್ಳಲು ಆದಾಯ ಪ್ರಮಾಣಪತ್ರ ಬೇಕಿತ್ತು. ಯಾರಿಗೆ ಎಂದು ಕೇಳಿದೆ. ಅವರು ಕೊರಳಿಗೆ ಸುತ್ತಿದ್ದ ಸೆರಗನ್ನು ಸ್ವಲ್ಪ ಸರಿಸಿದರು. ಗಂಟಲಿನ ಮುಂದೆ ನಿಂಬೆಹಣ್ಣಿನ ಗಾತ್ರದ ಗಡ್ಡೆ. ತಿಂಗಳುಗಳಿಂದ ಅವರು ಸೆರಗು ಸುತ್ತಿಕೊಳ್ಳುತ್ತಿದ್ದುದನ್ನು ನಾವು ಚಳಿಗೆಂದು ತಿಳಿದಿದ್ದೆವು.

"ಧ್ವನಿ ನರ ಪಕ್ಕದಾಗೇ ಹೋಗ್ತೈತಂತೆ. ತಗೀವಾಗ ಅದಕ್ಕೆ ಏಟಾದ್ರೂ ಆಗಬೋದು ಅಂದ್ರು ಡಾಕ್ಟ್ರು. ಬಿಟ್ರೆ ಉಸ್ರು ಕಟ್ತೈತೆ ಅಂತ್ಲೂ ಅಂದ್ರು." ಸೆರಗನ್ನು ಮತ್ತೆ ಸುತ್ತಿಕೊಂಡು, "ಧ್ವನಿ ಹೋಗ್ಬುಟ್ರೆ ನಾನ್ ಯಾತಕ್ ಬತ್ತೀನ್ಲಾ ಸಾಮು? ಯಾರ್ಗೂ ಹೇಳ್ಬ್ಯಾಡ. ಪಟ್ಟಿಗೆ ಬರ್ದೀಯ, ಜೋಕೆ" ಎಂದರು.

ಪ್ರಮಾಣಪತ್ರ ಬಂತು. ವಿಮಾ ಚೀಟಿಯೂ ಬಂತು. ಅವರು ಆಸ್ಪತ್ರೆಗೆ ಮಾತ್ರ ಹೋಗಲಿಲ್ಲ. ರಾಗಿ ಕೊಯ್ಲಾಗಲಿ ಎಂದರು, ಕೊಯ್ಲಾದ ಮೇಲೆ ಕ್ರಿಸ್‌ಮಸ್ ಆಗಲಿ ಎಂದರು. ಉಸಿರಾಡುವಾಗ ಸಿಳ್ಳೆಯಂತೆ ಸದ್ದು ಬರತೊಡಗಿತ್ತು. ಎಲ್ಲರ ಪ್ರಾರ್ಥನೆಯನ್ನೂ ತೂಗಿ ನೋಡುತ್ತಿದ್ದವರು ತಮ್ಮ ಹೆಸರನ್ನು ಒಮ್ಮೆಯೂ ಪಟ್ಟಿಗೆ ಸೇರಿಸಲಿಲ್ಲ. ನಾನು ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ. ಅದರ ಬಗ್ಗೆ ಈಗಲೂ ನನಗೆ ಸಂಕೋಚವಿದೆ.

ಹೀಗಿರುವಾಗ, ಮಲಾವಿಯ ಹೆಂಗಸರು ನಮ್ಮೊಂದಿಗೆ ಮಾತನಾಡಲು ಬಯಸಿದ್ದಾರೆ, ಬರುವ ಶುಕ್ರವಾರ ವಿಡಿಯೊ ಕರೆ ಮಾಡುವುದಾಗಿ ಎಸ್ತರ್ ತಿಳಿಸಿದಳು. ನಮ್ಮ ಸಂಭ್ರಮವನ್ನು ವರ್ಣಿಸಲು ನನ್ನಲ್ಲಿ ಪದಗಳಿಲ್ಲ. ಹತ್ತು ಮಂದಿ ಒಳ್ಳೆಯ ಸೀರೆ, ಷರಟಿನಲ್ಲಿ ಮೊದಲೇ ಹಾಜರು. ಮೊಮ್ಮಗಳ ಟ್ಯಾಬ್ ತರಬೇಕಾಗಿದ್ದ ಶಾಂತಮ್ಮನವರ ಬಸ್ಸು ಆನೆ ದಾಟಲೆಂದು ಕಾಡಿನಲ್ಲಿ ಮುಕ್ಕಾಲು ಗಂಟೆ ನಿಂತಿತ್ತು. ಅವರು ಏದುಸಿರು ಬಿಡುತ್ತಾ ಜಗಲಿ ಹತ್ತುವುದಕ್ಕೂ ಕರೆ ಬರುವುದಕ್ಕೂ ಸರಿಹೋಯಿತು.

ತೆರೆಯ ಮೇಲೆ ಬಣ್ಣಬಣ್ಣದ ಬಟ್ಟೆಯ ಇಪ್ಪತ್ತು ಹೆಂಗಸರು, ಅವರ ಹಿಂದೆ ನೀರು! ಅವರು ಹಾಡಿದರು, ನಾವು ಹಾಡಿದೆವು. ಎರಡೂ ಕಡೆ ಒಟ್ಟಿಗೆ ಮಾತು. ಮಗುವನ್ನೆತ್ತಿಕೊಂಡು ಒಬ್ಬಳು ಮುಂದೆ ಬಂದಳು. "ಇವಳೇ ಚಿಕೋಂಡಿ" ಎಂದಳು ಎಸ್ತರ್. ರೂತಕ್ಕನವರು ತೆರೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಚಿಕೋಂಡಿ ಏನೋ ಕೇಳಿದಳು. ಎಸ್ತರ್ ಕನ್ನಡದಲ್ಲಿ ತಿಳಿಸಿದಳು: "ಇಷ್ಟು ವರ್ಷ ನೀವ್ ನಮ್ಗೆ ಪ್ರಾರ್ಥನೆ ಮಾಡಿದ್ರಿ. ನಿಮ್ಗೆ ಏನ್ ಬೇಕು, ನಾವ್ ಮಾಡ್ತೀವಿ ಅಂತಿದಾಳೆ, ರೂತಾಂಟಿ."

"ನಂಗೇನಮ್ಮಾ, ಎಲ್ಲಾ ಚೆನ್ನಾಗೈತೆ. ಸುಮ್ನೆ ಆಶೀರ್ವಾದ ಮಾಡ್ಲಿ ಅಂತ ಕೇಳ್ಕೊಳ್ಳಿ, ಸಾಕು."

"ರಿಜೆಕ್ಟು!" ಎಂದರು ಶಾಂತಮ್ಮನವರು, ತೋರುಬೆರಳನ್ನು ಸೂರಿನವರೆಗೆ ಎತ್ತಿ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಶಾಂತಮ್ಮನವರಿಗೆ ಏನೂ ತಿಳಿದಿರಲಿಲ್ಲ. ರೂತಕ್ಕನವರು ನಗದೆ ನನ್ನತ್ತ ನೋಡಿದರು. ಯಾವ ಧೈರ್ಯ ಬಂತೋ ತಿಳಿಯದು, ನಾನು ಎದ್ದು ನಿಂತು, "ನೀವ್ ಹೇಳ್ತೀರೋ ಅಕ್ಕ, ನಾನ್ ಹೇಳ್ಲೋ?" ಎಂದುಬಿಟ್ಟೆ.

ಅವರು ನಿಧಾನವಾಗಿ ಸೆರಗನ್ನು ಬಿಚ್ಚಿ ಕೊರಳನ್ನು ತೆರೆಗೆ ತೋರಿಸಿದರು. ನಗು ನಿಂತಿತು. ಶಾಂತಮ್ಮನವರು "ಅಯ್ಯೋ ನನ್ನಕ್ಕಾ" ಎಂದು ಬಾಯಿಗೆ ಕೈಯಿಟ್ಟುಕೊಂಡರು. ಆಪರೇಷನ್, ನರ, ಧ್ವನಿ, ಎಲ್ಲವನ್ನೂ ರೂತಕ್ಕನವರೇ ಹೇಳಿದರು. ಚಿಕೋಂಡಿ ಕೇಳಿಕೊಂಡು ಒಂದೇ ಪ್ರಶ್ನೆ ಕೇಳಿದಳು: ಯಾವ ದಿನ, ಎಷ್ಟು ಗಂಟೆಗೆ?

"ದಿನ ಇನ್ನೂ ಗೊತ್ತ್ ಮಾಡಿಲ್ಲಮ್ಮ."

ಆ ಕಡೆಯ ಹೆಂಗಸರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. "ದಿನ ಹೇಳ್ದೆ ಹೋದ್ರೆ ನಾವ್ ಯಾವತ್ತು ಸೇರೋದು, ಕೆಲ್ಸ ಯಾವತ್ತು ಬಿಡೋದು ಅಂತ ಕೇಳ್ತಿದಾರೆ ಆಂಟಿ" ಎಂದಳು ಎಸ್ತರ್.

ರೂತಕ್ಕನವರು ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕೃಷ್ಣಗಿರಿಯ ಆಸ್ಪತ್ರೆಗೆ ಹೋಗಿ ದಿನ ಗೊತ್ತು ಮಾಡಿಕೊಂಡು ಬಂದರು. ಬುಧವಾರ, ಬೆಳಿಗ್ಗೆ ಒಂಬತ್ತು. ಮಲಾವಿಯಲ್ಲಿ ಆಗ ಐದೂವರೆ. ನಾವು ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ನಿಂತಿದ್ದಾಗ ಎಸ್ತರ್ ಒಂದು ಚಿತ್ರ ಕಳುಹಿಸಿದಳು. ಸರಿಯಾಗಿ ಬೆಳಕು ಹರಿಯದ ದಡದಲ್ಲಿ ಹೆಂಗಸರು ಮೊಣಕಾಲೂರಿದ್ದರು. ನಾನು ಎಣಿಸಲು ಹೋಗಿ ಎಣಿಸಲಾಗದೆ ಬಿಟ್ಟೆ.

ಸಂಜೆ ಅವರಿಗೆ ಎಚ್ಚರವಾದಾಗ ನನ್ನನ್ನೂ ಶಾಂತಮ್ಮನವರನ್ನೂ ಒಳಗೆ ಬಿಟ್ಟರು. ಯುವ ವೈದ್ಯರೊಬ್ಬರು ಬಾಗಿ, "ಪಾಟಿ, ಉಂಗ ಪೇರ್ ಚೊಲ್ಲುಂಗ" ಎಂದರು, ಅಜ್ಜಿ, ನಿಮ್ಮ ಹೆಸರು ಹೇಳಿ ಎಂದು. ತುಟಿಗಳು ಅಲುಗಿದವು, ಸದ್ದಿಲ್ಲ. ಶಾಂತಮ್ಮನವರು ನನ್ನ ಮೊಣಕೈಯನ್ನು ಹಿಂಡಿದರು. ವೈದ್ಯರು ಮತ್ತೆ ಕೇಳಿದರು.

"ಚಿಕೋಂಡಿ."

ಒರಟಾಗಿತ್ತು, ಆದರೆ ಸ್ಪಷ್ಟವಾಗಿತ್ತು. ವೈದ್ಯರು ಗಾಬರಿಯಿಂದ ಕೈಯಲ್ಲಿದ್ದ ಚೀಟಿಯನ್ನು ನೋಡಿದರು, ರೋಗಿಯನ್ನು ನೋಡಿದರು. ನಾನು ವಿವರಿಸಲು ಹೋದೆ. ಹಗಲೆಲ್ಲ ಬರೆಯುವ ತಮಿಳು ಆ ಹೊತ್ತಿಗೆ ಒಂದು ಪದವೂ ಬಾಯಿಗೆ ಬರಲಿಲ್ಲ. ಶಾಂತಮ್ಮನವರು ಗಟ್ಟಿಯಾಗಿ ಸ್ತೋತ್ರ, ಸ್ತೋತ್ರ ಎನ್ನತೊಡಗಿದರು. ದಾದಿಯೊಬ್ಬರು ಬಂದು ಇಬ್ಬರನ್ನೂ ಹೊರಗೆ ಹಾಕಿದರು.

ಆ ಒರಟು ಧ್ವನಿಯಲ್ಲಿ ಅವರು ಇನ್ನೂ ಎರಡು ವರ್ಷ ನಮ್ಮ ಪ್ರಾರ್ಥನೆಗಳನ್ನು ತಿದ್ದಿದರು. ಕಳೆದ ಸುಗ್ಗಿ ಹಬ್ಬ ಮುಗಿದ ವಾರ, ಮಧ್ಯಾಹ್ನ ಊಟ ಮಾಡಿ ಜಗಲಿಯಲ್ಲಿ ಒರಗಿದವರು ಏಳಲಿಲ್ಲ. ಹೃದಯ ನಿಂತಿತ್ತು.

ಮಣ್ಣು ಮಾಡಿ ಬಂದ ಸಂಜೆ ಎಸ್ತರ್ ಕರೆ ಮಾಡಿದಳು. ಪಕ್ಕದಲ್ಲಿ ಚಿಕೋಂಡಿ ಇದ್ದಳು. ತೀರಿಹೋದವರಿಗಾಗಿ ಪ್ರಾರ್ಥಿಸುವ ಪದ್ಧತಿ ನಮ್ಮಲ್ಲಿಲ್ಲ, ಅವರಲ್ಲೂ ಇಲ್ಲ. ಆದ್ದರಿಂದ ಮಣ್ಣು ಮಾಡಿದ ವಿವರವನ್ನಷ್ಟೇ ತಿಳಿಸಿದೆ. ಆಮೇಲೆ ಚಿಕೋಂಡಿ ಏನೋ ಕೇಳಿದಳು.

"ಶುಕ್ರವಾರ ತನ್ನ ಹೆಸರನ್ನ ಇನ್ಮೇಲೆ ಯಾರು ಹೇಳ್ತಾರೆ ಅಂತ ಕೇಳ್ತಿದಾಳೆ ಅಣ್ಣಾ" ಎಂದಳು ಎಸ್ತರ್.

ನಾನು ಹೇಳುತ್ತೇನೆ ಎಂದೆ. ಎಸ್ತರ್ ಅದನ್ನು ಅವರ ಭಾಷೆಗೆ ತಿರುಗಿಸುವುದರೊಳಗೆ, ಮಗುವಿನ ಹೆಸರೇನು, ಈಗ ಎಷ್ಟು ವರ್ಷ, ಏನು ಬೇಕು ಎಂದು ಕೇಳಿದೆ.