ರೋಗಾಣುವಿಗೆ ಊರಿನ ಹೆಸರಿಡದ ವಿಜ್ಞಾನಿ

ಪ್ರಾಣಿರೋಗಗಳ ಅಧ್ಯಯನದಲ್ಲಿ ಹಸು, ಕುದುರೆಗಳಿಗೆ ಸಂದ ಗೌರವ ಹಂದಿಗೆ ಎಂದೂ ಸಂದದ್ದಿಲ್ಲ. ಯಾರಿಗೂ ಬೇಡವಾದ ಆ ಮೂಲೆಯನ್ನೇ ತಮ್ಮ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡು, ಒಂದೇ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಈ ತಿಂಗಳು ನಿವೃತ್ತರಾಗುತ್ತಿರುವ ಸೂಕ್ಷ್ಮಜೀವಿ ವಿಜ್ಞಾನಿ ನಮ್ಮೆಲ್ಲರ ಬಾಯಲ್ಲಿ ಮೊದಲಿನಿಂದಲೂ ‘ಡಾಕ್ಟರಮ್ಮ’. ಅವರು ಒಂದು ಬ್ಯಾಕ್ಟೀರಿಯಾಕ್ಕೆ ಹೆಸರಿಟ್ಟ ಪ್ರಸಂಗವನ್ನು ಹೇಳಿದರೆ ವ್ಯಕ್ತಿಯನ್ನು ಬೇರೆಯಾಗಿ ಪರಿಚಯಿಸಬೇಕಾಗಿಲ್ಲ.

ಸೇವೆಗೆ ಸೇರಿದಾಗ ಅವರಿಗೆ ದೊರೆತದ್ದು ಗಾಜಿನ ಸಾಮಾನು ತೊಳೆಯುವ ಕೋಣೆಯ ಪಕ್ಕದ ಮೇಜು ಮತ್ತು ಬಾಗಿಲು ಸರಿಯಾಗಿ ಮುಚ್ಚದ ಒಂದು ಇನ್‌ಕ್ಯುಬೇಟರ್. ಒಂಬತ್ತನೆಯ ವರ್ಷ ಹಂದಿ ಸಾಕುವ ಹೆಂಗಸೊಬ್ಬರು ಸತ್ತ ಎರಡು ಮರಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಬಂದರು. ಕೀಲುಗಳು ಊದಿದ್ದವು. ಕುಂಟಲು ಶುರುವಾದ ವಾರದೊಳಗೆ ಮರಿಗಳು ಸಾಯುತ್ತಿವೆ ಎಂದು ಆಕೆ ತಿಳಿಸಿದರು. ಪರೀಕ್ಷೆಯಲ್ಲಿ ಗೊತ್ತಿದ್ದ ಯಾವ ರೋಗಾಣುವೂ ಸಿಗಲಿಲ್ಲ. ರೋಗಾಣು ಬೆಳೆಸಲು ಇಟ್ಟ ಪ್ಲೇಟುಗಳಲ್ಲಿ ಮೂರು ದಿನ ಕಾದರೂ ಏನೂ ಬೆಳೆಯದಿದ್ದರೆ ಅವನ್ನು ಎಸೆಯುವುದು ಅಲ್ಲಿನ ಪದ್ಧತಿ. ಡಾಕ್ಟರಮ್ಮ ಎಸೆಯಲಿಲ್ಲ. ಖಾಲಿ ತಟ್ಟೆಗೆ ಕಾವಲು ಕೂತಿದ್ದಾರೆಂದು ಸಹೋದ್ಯೋಗಿಗಳು ನಕ್ಕರು. ಹನ್ನೊಂದನೆಯ ದಿನ ಬೆಳಿಗ್ಗೆ ಪ್ಲೇಟಿನ ಮೇಲೆ ಇಬ್ಬನಿಯಂಥ ಸಣ್ಣ ಚುಕ್ಕೆಗಳು ಕಂಡವು.

ಅದು ಹೊಸ ಜೀವಿಯೆಂದು ಸಾಧಿಸಿ ತೋರಿಸಲು ಎರಡು ವರ್ಷ ಹಿಡಿಯಿತು. ಇನ್ನು ಹೆಸರಿಡಬೇಕಿತ್ತು. ಡಾಕ್ಟರಮ್ಮನವರಿಗೆ ಕೆಲಸ ಕಲಿಸಿದ ಗುರುಗಳೂ ಆಗಿದ್ದ ವಿಭಾಗದ ಮುಖ್ಯಸ್ಥರು, ಮಾದರಿ ಬಂದ ಊರಿನ ಹೆಸರನ್ನೇ ಇಡೋಣವೆಂದರು. ಹಾಗಿಡುವ ರೂಢಿಯೂ ಇತ್ತು. ಲೇಖನ ಟೈಪಾಯಿತು. ಸಂತೋಷದ ಸುದ್ದಿಯೆಂದು ಡಾಕ್ಟರಮ್ಮ ತಾವೇ ಆ ಹೆಂಗಸಿನ ಮನೆಗೆ ಹೋಗಿ ತಿಳಿಸಿದರು. ಆಕೆ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟರು.

“ರೋಗಕ್ಕೆ ನಮ್ಮೂರ ಹೆಸರಿಟ್ರೆ ನಮ್ಮ ಹಂದಿ ಯಾರು ತಗೋತಾರಮ್ಮ? ನಾನು ನಿಮ್ಮ ಹತ್ರ ಬಂದಿದ್ದೇ ತಪ್ಪಾಯ್ತು ಅಂತಾರೆ ಎಲ್ರೂ.”

ಮರುದಿನ ಡಾಕ್ಟರಮ್ಮ ಅಂಚೆಗೆ ಹೊರಟಿದ್ದ ಲೇಖನದ ಲಕೋಟೆಯನ್ನು ವಾಪಸು ಪಡೆದರು. ಮುಖ್ಯಸ್ಥರು ಸಿಟ್ಟಾದರು. ಬೇರೊಂದು ಪ್ರಯೋಗಾಲಯ ಇದೇ ಜೀವಿಯ ಬೆನ್ನು ಹತ್ತಿದೆ, ತಡಮಾಡಿದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲವೆಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಡಾಕ್ಟರಮ್ಮ ಹೇಳಿದ್ದು ಇಷ್ಟೇ: “ಸರ್, ರೋಗ ತಂದು ತೋರಿಸಿದವರಿಗೇ ಶಿಕ್ಷೆ ಆದ್ರೆ ನಾಳೆ ಯಾರೂ ತಂದು ತೋರಿಸಲ್ಲ.”

ನಾಲ್ಕು ತಿಂಗಳು ಗುರು–ಶಿಷ್ಯೆಯರ ನಡುವೆ ಮಾತು ನಡೆದದ್ದು ಟಿಪ್ಪಣಿ ಕಾಗದಗಳಲ್ಲಿ ಮಾತ್ರ. ಆ ವರ್ಷದ ಬಡ್ತಿ ಡಾಕ್ಟರಮ್ಮನವರಿಗಿಂತ ಕಿರಿಯರೊಬ್ಬರಿಗೆ ಹೋಯಿತು. ಮನೆಯಲ್ಲಿ ಅತ್ತೆಯವರು, ಹಂದಿಗಾಗಿ ಯಾರಾದರೂ ಗುರುವಿನ ಮನಸ್ಸು ಮುರಿಯುತ್ತಾರೆಯೇ ಎಂದು ಕೇಳಿದರಂತೆ. ಹಂದಿಗಾಗಿ ಅಲ್ಲವೆಂದು ಸೊಸೆ ಉತ್ತರಿಸಿದರಂತೆ. ಐದನೆಯ ತಿಂಗಳು ಮುಖ್ಯಸ್ಥರು ತಾವಾಗಿಯೇ ಅವರ ಮೇಜಿನ ಬಳಿಗೆ ಬಂದು, ಊರಿನ ಹೆಸರಿಲ್ಲದ ಲೇಖನಕ್ಕೆ ನಿಂತುಕೊಂಡೇ ಸಹಿ ಹಾಕಿದರು. ಪುಣ್ಯಕ್ಕೆ ಮತ್ತೊಂದು ಪ್ರಯೋಗಾಲಯ ಇನ್ನೂ ಹಿಂದೆಯೇ ಇತ್ತು.

ಹೀಗೆ ಆ ಜೀವಿ ‘ಟಾರ್ಡೆಲ್ಲಾ ಸೂಯಿಸ್’ ಆಯಿತು. ಲ್ಯಾಟಿನ್ ಹೆಸರಿನ ಮೊದಲ ಪದಕ್ಕೆ ‘ನಿಧಾನವಾಗಿ ಬೆಳೆಯುವ ಪುಟ್ಟದ್ದು’ ಎಂಬ ಅರ್ಥ ಕೊಟ್ಟರು. ಎರಡನೆಯದಕ್ಕೆ ‘ಹಂದಿಯದು’ ಎಂದರ್ಥ. ಅದನ್ನು ವಿವರಿಸಲು ಮತ್ತೆ ಅದೇ ಅಂಗಳಕ್ಕೆ ಹೋದಾಗ ಆ ಹೆಂಗಸು ಎರಡು ಸಲ ಹೇಳಿಸಿಕೊಂಡು ಕೇಳಿದರು. “ಹಂದಿ ಹೆಸರಿದ್ರೆ ಇರ್ಲಿ ಬಿಡಿ. ಅದೇನು ಪೇಪರ್ ಓದಲ್ಲ” ಎಂದರು.

ಸರಿಯಾದ ಔಷಧ ಗೊತ್ತಾದ ಮೇಲೆ ಮರಿಗಳು ಉಳಿಯತೊಡಗಿದವು. ಆ ಊರಿನವರು ಇಂದಿಗೂ, ಒಂದು ಮರಿ ಕುಂಟಿದರೂ ಸಾಕು, ಮುಚ್ಚಿಡದೆ ಪ್ರಯೋಗಾಲಯಕ್ಕೆ ತರುತ್ತಾರೆ. ಡಾಕ್ಟರಮ್ಮ ಮುಂದೆ ವಿಭಾಗದ ಮುಖ್ಯಸ್ಥೆಯಾದರು, ಏಳು ವರ್ಷ ತಡವಾಗಿ.

ಪ್ರಯೋಗಾಲಯದ ಅವರ ಫ್ರಿಜ್ಜಿನಲ್ಲಿ ಇನ್ನೂ ಗುರುತು ಹಿಡಿಯದ ಮೂರು ಜೀವಿಗಳಿವೆ. ನಿವೃತ್ತಿಯ ಅರ್ಜಿಯ ಜೊತೆಗೇ, ಆ ಕೆಲಸ ಮುಂದುವರಿಸಲು ಕಿಟಕಿಯ ಬಳಿ ಒಂದು ಕುರ್ಚಿ ಬಿಟ್ಟುಕೊಡಬೇಕೆಂದು ಅವರು ಕೇಳಿಕೊಂಡಿದ್ದಾರೆ. ಕುರ್ಚಿ ಮಂಜೂರಾಗಿದೆ. ಆ ಮೂರಕ್ಕೂ ಹೆಸರಿಡುವಷ್ಟು ಆಯುಷ್ಯ, ಸೂಕ್ಷ್ಮದರ್ಶಕಕ್ಕೆ ಸೋಲದ ಕಣ್ಣು ಅವರಿಗೆ ಇರಲಿ. ನಾಲ್ಕನೆಯದೂ ಬೇಗ ಸಿಗಲಿ.