ಸಣ್ಣಜವರಯ್ಯ ಬರೆದ ಸುಳ್ಳು ಹಾಜರಿ

ಸಣ್ಣಜವರಯ್ಯ ಯಾರನ್ನು ಕಂಡರೂ ಮೊದಲು ಉಗುರು ನೋಡುತ್ತಿದ್ದ. ಮುಖ ಆಮೇಲೆ. ಅವನ ಅಂಗಿಗೆ ಎಡಗಡೆ ಮಾತ್ರ ಪೂರ್ತಿ ತೋಳು. ಬಲಗಡೆಯದನ್ನು ಭುಜದ ಹತ್ತಿರವೇ ಕತ್ತರಿಸಿ ಹೊಲಿಸಿಕೊಳ್ಳುತ್ತಿದ್ದ. ಟೈಲರ್ ನಕ್ಕರೆ, "ದನದೊಳಕ್ಕೆ ಓಗೋ ಕೈಗೆ ಬಟ್ಟೆ ಯಾಕ್ಲಾ? ನೀನು ಒಲಿ, ಸುಮ್ಕೆ" ಅನ್ನುತ್ತಿದ್ದ. ಮದುವೆ ಮನೆಗೂ ಅದೇ ಅಂಗಿ.

ಅವನು ನಮ್ಮೂರ ದನದ ಆಸ್ಪತ್ರೆಯ ಅಟೆಂಡರ್. ನಮ್ಮೂರು ಪಿರಿಯಾಪಟ್ಟಣದಿಂದ ಹುಣಸೂರಿಗೆ ಬರುವ ದಾರಿಯಿಂದ ಸ್ವಲ್ಪ ಒಳಕ್ಕಿದೆ. ಆಸ್ಪತ್ರೆಯ ಎದುರು ಮನೆ ನನ್ನದು. ದನದ ಡಾಕ್ಟರ್ ಆಗಲು ಓದುವ ಮಕ್ಕಳನ್ನು ಕೊನೆಯ ವರ್ಷ ಕಾಲೇಜಿನವರು ಹಳ್ಳಿ ಆಸ್ಪತ್ರೆಗಳಿಗೆ ಕೆಲಸ ಕಲಿಯಲು ಕಳಿಸುತ್ತಾರೆ. ಇಂಟರ್ನ್‌ಶಿಪ್ ಅನ್ನುತ್ತಾರೆ ಅದಕ್ಕೆ. ಇಬ್ಬರೋ ಮೂವರೋ ಬಂದು ತಿಂಗಳಿದ್ದು ಹೋಗುವರು. ಅವರಿಗೆ ಅನ್ನ ಬೇಯಿಸಿ ಹಾಕುವವಳು ನಾನು, ಕೆಲಸ ಕಲಿಸುವವನು ಅವನು. ಡಾಕ್ಟರಿಗೆ ಮೂರು ಊರಿನ ಆಸ್ಪತ್ರೆ ಹೊರಿಸಿದ್ದರು. ಅವರು ಬಂದ ದಿನ ಬಂದರು. ಹಾಜರಿ ಪುಸ್ತಕ ಜವರಯ್ಯನ ಕೈಯಲ್ಲಿತ್ತು. ಅವನು ಬರೆದಿದ್ದಕ್ಕೆ ಡಾಕ್ಟರ್ ಸಹಿ ಹಾಕುವರು. ಕಾಲೇಜಿನ ಮೇಷ್ಟರೊಬ್ಬರು ವರ್ಷಕ್ಕೊಮ್ಮೆ ಕಾರಲ್ಲಿ ಬಂದು, ಒಂದು ಹಸುವಿನ ಪಕ್ಕ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡು, ನನ್ನ ಮನೆಯಲ್ಲಿ ಕಾಫಿ ಕುಡಿದು ಹೋಗುತ್ತಿದ್ದರು. ಅವರ ಕಾಲಿಗೆ ಸಗಣಿ ಮೆತ್ತಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ಜವರಯ್ಯ ಓದಿದ್ದು ಏಳನೇ ಕ್ಲಾಸು. ಆದರೆ ಅವನ ಪಾಠಕ್ಕೆ ಒಂದು ಕ್ರಮ ಇತ್ತು. ಮೊದಲ ದಿನ ಉಂಗುರ, ಗಡಿಯಾರ ತೆಗೆಸಿ ಉಗುರು ಕತ್ತರಿಸಿಕೊಳ್ಳಲು ಹೇಳುವನು. ಎರಡನೇ ದಿನ ಮಾಂಸದಂಗಡಿಯಿಂದ ಕುರಿಕಾಲು ತರುವನು. "ಮಂಡಿ ಮೇಲಕ್ಕೆ ಕಡ್ಕೊಡಪ್ಪ, ಸಾರಿಗಲ್ಲ" ಎಂದು ಹೇಳಿ ಕಡಿಸಿದ ಕಾಲುಗಳು. ಅವನ್ನು ಗೋಣಿಚೀಲಕ್ಕೆ ಹಾಕಿ, ಮಕ್ಕಳ ಕಣ್ಣಿಗೆ ಟವಲು ಕಟ್ಟಿ, ಕೈ ಹಾಕಿಸುವನು.

"ಯೋಳಿ ಸಾ, ಮುಂಗಾಲೋ ಹಿಂಗಾಲೋ?"

"ಮುಂದಿನದು."

"ಎಂಗೆ ಗೊತ್ತಾಯ್ತು?"

"ಸುಮ್ನೆ, ಹಾಗನ್ನಿಸ್ತು."

"ಅನ್ನುಸ್ತಾ? ನಾಳೆ ಹಸೀನ ಒಟ್ಟೇಲಿ ಕರ ಅಡ್ಡ ಸಿಕ್ಕಾಕ್ಕೊಂಡಾಗ ಅನ್ನುಸ್ಕೊಂಡ್ ಕೂತಿರಿ. ಕೀಲು ಮಡ್ಚಿ ನೋಡಿ. ಎಲ್ಡು ಕೀಲೂ ಒಂದೇ ಕಡೀಕೆ ಮಡ್ಚುದ್ರೆ ಮುಂಗಾಲು. ಒಂದು ಅತ್ಲಾಗೆ ಒಂದು ಇತ್ಲಾಗೆ ಓದ್ರೆ ಹಿಂಗಾಲು. ಪುಸ್ತಕದ ಹಸ ಒದೆಯಾಕಿಲ್ಲ ಸಾ, ಇದು ಒದೀತದೆ."

ಅವನು ಮಕ್ಕಳನ್ನು ಸಾ ಅನ್ನುತ್ತಿದ್ದುದು ಕೈ ಹಸುವಿನೊಳಗೆ ಹೋಗುವ ತನಕ. ಒಳಗೆ ಹೋದ ಮೇಲೆ ಲೋ, ಲೇ, ಬೇಕೂಫ, ಬಾಯಿಗೆ ಬಂದಿದ್ದು. ಕೈ ತೊಳೆದು ಹೊರಗೆ ಬಂದರೆ ಮತ್ತೆ ಸಾ. ಯಾರೂ ಬೇಸರ ಮಾಡಿಕೊಂಡಿದ್ದಿಲ್ಲ. ಮಾಡಿಕೊಳ್ಳಲು ಪುರುಸೊತ್ತು ಇರುತ್ತಿರಲಿಲ್ಲ.

ಕೆ.ಆರ್. ನಗರದ ಜವಳಿ ಅಂಗಡಿ ಸಾಬರ ಮಗಳು ಶಬಾನ ಅಂತ ಒಬ್ಬಳು ಬಂದಿದ್ದಳು. ಅಣ್ಣನ ಮದುವೆ ಮುಗಿಸಿ ನೇರ ಬಂದಿದ್ದಳು. ಎರಡೂ ಕೈಗೆ ಮೊಣಕೈವರೆಗೂ ಮೆಹಂದಿ, ಉದ್ದ ಉಗುರು. ಜವರಯ್ಯ ನೋಡಿ, "ಬಣ್ಣ ಇರ್ಲಿ ತಾಯಿ, ಎಮ್ಮೆಗೂ ಚಂದ ಕಾಣ್ಲಿ. ಉಗುರು ಮಾತ್ರ ತಗೀರಿ" ಅಂದ. ಮೊದಲ ಎಮ್ಮೆ ಅವಳ ಮುಖದ ಮೇಲೆಲ್ಲ ಸಗಣಿ ಹಾಕಿತು. ಹುಡುಗಿ ನನ್ನ ಮನೆ ಹಿತ್ತಲಿಗೆ ಬಂದು ವಾಂತಿ ಮಾಡಿ, ಅಪ್ಪನಿಗೆ ಫೋನ್ ಮಾಡಿ ಅತ್ತಳು. ನಾನು, "ಅತ್ತಿದ್ದು ಆಯ್ತಾ? ಮುಖ ತೊಳ್ಕೊಂಡು ಓಗು, ಕಾಯ್ತಾವ್ನೆ" ಅಂದೆ. ಹೋದಳು. ತಿಂಗಳು ಮುಗಿಯುವ ವಾರ ಒಂದು ಹಸುವಿನ ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದ ಕರುವನ್ನು ಅವಳೇ ಸರಿ ಮಾಡಿ ಈಚೆಗೆ ತಂದಳು. ಜವರಯ್ಯ ಪಕ್ಕದಲ್ಲಿ ಬಯ್ಯುತ್ತಾ ನಿಂತಿದ್ದ, ಅಷ್ಟೆ. ಕರು ಎದ್ದು ನಿಂತಾಗ, "ಡಾಕ್ಟ್ರಮ್ಮ, ಇನ್ನು ನಾನು ಸತ್ರೂ ಪರವಾಗಿಲ್ಲ, ನೀವು ಈ ಸೀಮೇಲೇ ಇರಿ" ಅಂದ. ಈಗ ಅವಳು ಹೆಚ್.ಡಿ. ಕೋಟೆ ಕಡೆ ಡಾಕ್ಟರು.

ಅದರ ಮುಂದಿನ ವರ್ಷ ಮನೋಜ ಬಂದ.

ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಉಂಡ ತಟ್ಟೆ ತಾನೇ ತೊಳೆಯುವನು, ನಲ್ಲಿಯಿಂದ ನನಗೆ ನೀರು ಹೊತ್ತು ತರುವನು. ಆದರೆ ಕೈಯಲ್ಲಿ ಸದಾ ಪುಸ್ತಕ. ಸರ್ಕಾರಿ ಡಾಕ್ಟರ್ ಕೆಲಸದ ಪರೀಕ್ಷೆ ಬರುತ್ತಿದೆ, ಬೆಂಗಳೂರಲ್ಲಿ ಮೂರು ವಾರದ ಕೋಚಿಂಗ್ ಇದೆ, ಅದು ತಪ್ಪಿದರೆ ಜೀವನವೇ ತಪ್ಪಿತು ಅಂತ ದಿನಾ ಊಟಕ್ಕೆ ಕೂತಾಗ ಹೇಳುವನು. ಮೊದಲ ದಿನ ಆಸ್ಪತ್ರೆಗೆ ಹೋದ, ಉಗುರು ಕತ್ತರಿಸಿಕೊಂಡ. ಗೋಣಿಚೀಲದ ದಿನ ಹೋಗಲಿಲ್ಲ. ತಾನಿಲ್ಲದಿದ್ದರೂ ಹಾಜರಿ ಹಾಕಿಬಿಡಿ ಅಂತ ಜವರಯ್ಯನನ್ನು ಕೇಳಿದ. ಅವನು ಆಗಲ್ಲ ಅಂದ. ಆಮೇಲೆ ನನ್ನನ್ನು ಹಿಡಿದುಕೊಂಡ.

"ಅಜ್ಜಿ, ನೀವು ಒಂದ್ಮಾತು ಹೇಳಿದ್ರೆ ಕೇಳ್ತಾರೆ."

ನಾನು ಹೋಗಿ ಹೇಳಿದೆ. "ಓದೋ ಉಡುಗ ಕಣಯ್ಯ. ಹಾಜರಿ ಆಕ್ಬುಡು. ನಿನ್ ಗಂಟೇನು ಓಯ್ತದೆ?"

"ನನ್ ಗಂಟು ಓಗಾಕಿಲ್ಲ ದೇವೀರಕ್ಕ. ಯಾರ್ದೋ ಕೊಟ್ಗೇದು ಓಯ್ತದೆ."

"ಅವ್ನು ಪರೀಕ್ಸೆ ಪಾಸ್ ಮಾಡ್ತಾನೆ, ಇನ್ನೆಲ್ಲೋ ಕಲ್ತ್ಕೊಂತಾನೆ."

"ಇನ್ನೆಲ್ಲಿ? ಕಲಿಯಕ್ಕೆ ಅಂತ ಕೊಟ್ಟಿರೋದು ಇದೊಂದು ವರ್ಸ. ಆಮ್ಯಾಕೆ ಎಲ್ರೂ ಅವ್ನನ್ನೇ ಕೇಳ್ತಾರೆ, ಅವ್ನು ಯಾರ್ನ ಕೇಳಾನು?"

ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ ನನಗೆ ರೇಗಿತು. ನನ್ನ ಮಾತು ನಡೆಯಲಿಲ್ಲವಲ್ಲ ಅನ್ನುವ ಸಿಟ್ಟು ಅದು, ಹುಡುಗನ ಮೇಲಿನ ಕರುಣೆಯಲ್ಲ. ಈಗ ಅದು ಗೊತ್ತಾಗುತ್ತದೆ. ಜವರಯ್ಯನ ಹೆಂಡತಿ ಎಂಟು ತಿಂಗಳು ಮಲಗಿ ಸತ್ತಿದ್ದಳು. ಆ ಎಂಟು ತಿಂಗಳೂ ನಾನು ಅವರ ಮನೆಗೆ ಗಂಜಿ ಕಾಯಿಸಿ ಕಳಿಸಿದ್ದೆ. ನಾಲ್ಕು ಜನರ ಎದುರಿಗೆ ಅಂದುಬಿಟ್ಟೆ: "ನಿನ್ ಎಂಡ್ರು ಮಲಗಿದ್ದಾಗ ನಾನು ಹಾಜರಿ ಕೇಳಿದ್ನೇನಯ್ಯ?"

ಜವರಯ್ಯ ನನ್ನ ಮುಖ ನೋಡಿದ. ಒಳಗೆ ಹೋಗಿ ಪುಸ್ತಕ ತೆಗೆದು, ತಿಂಗಳ ಕೊನೆಯವರೆಗಿನ ಹಾಜರಿಯನ್ನು ಒಂದೇ ಸಲ ಬರೆದ. ಡಾಕ್ಟರ್ ಬಂದಾಗ ಸಹಿ ಹಾಕಿದರು. ಮನೋಜ ನನ್ನ ಕಾಲಿಗೆ ಬಿದ್ದು ಬಸ್ ಹತ್ತಿದ.

ಅವನ ಪರೀಕ್ಷೆ ಆಯಿತು, ಕೆಲಸವೂ ಸಿಕ್ಕಿತು. ಅಷ್ಟರಲ್ಲಿ ಜವರಯ್ಯನ ಸರ್ವೀಸು ಮುಗಿದು, ಅವನು ಬೀಚನಹಳ್ಳಿಯ ಮಗಳ ಮನೆಗೆ ಹೋಗಿದ್ದ. ಮನೋಜನನ್ನು ಹಾಕಿದ್ದು ನಮ್ಮೂರಿಗೇ. ಇನ್ನು ಮೇಲೆ ಊರಿಗೆ ಸ್ವಂತ ಡಾಕ್ಟರು ಅಂತ ಜನ ಹಾರ ಹಾಕಿದರು. ನಾನು ಒಬ್ಬಟ್ಟು ಮಾಡಿದೆ. ಸೂಜಿ, ಔಷಧಿ ಎಲ್ಲ ಚೆನ್ನಾಗಿಯೇ ಕೊಡುತ್ತಿದ್ದ. ಚೀಟಿ ಬರೆದರೆ ಮುತ್ತಿನ ಹಾಗೆ ಅಕ್ಷರ.

ನಾಲ್ಕು ತಿಂಗಳಾಗಿತ್ತು. ನನ್ನ ಸೀಮೆಹಸು ದಿನ ತುಂಬಿ ಬೆಳಿಗ್ಗೆ ನೋವು ತಿನ್ನಲು ಶುರು ಮಾಡಿತು. ನನಗಿದ್ದದ್ದು ಅದೊಂದೇ. ಡೈರಿಗೆ ಹಾಲು ಹಾಕಿಯೇ ನನ್ನ ಬದುಕು. ಬಿಸಿಲು ಏರಿದರೂ ಎರಡು ಕಾಲು ಮಾತ್ರ ಈಚೆ ಕಾಣುತ್ತಿದ್ದವು. ಮನೋಜ ಬಂದು ಕೈ ಹಾಕಿ ನೋಡಿದ. "ಹಿಂಗಾಲು. ಕರು ಹಿಂದುಮುಂದಾಗಿ ಬರ್ತಿದೆ. ಹಗ್ಗ ಕಟ್ಟಿ ಎಳೆಯೋಣ" ಅಂದ. ಅವನ ದನಿ ಸರಿಯಿರಲಿಲ್ಲ. ನಾನು ಜವರಯ್ಯನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ದೊಡ್ಡದು ಮಾಡಿದೆ.

"ಎಷ್ಟು ಕಾಲು ಬಂದವಕ್ಕ?"

"ಎಲ್ಡು. ತಲೆ ಕಾಣೆ. ಹಿಂಗಾಲು ಅಂತಾವ್ರೆ, ಎಳೀತೀವಿ ಅಂತಾವ್ರೆ."

"ಎಳೀಬ್ಯಾಡಿ ಅನ್ನು! ಸಾ, ಮನೋಜ್ ಸಾ, ಕೀಲು ಮಡ್ಚಿ ನೋಡಿದ್ರಾ? ಮುಂಗಾಲಾಗಿದ್ರೆ ತಲೆ ಹಿಂದಕ್ಕೆ ತಿರುಗ್ಕೊಂಡಿರ್ತದೆ. ಒಳೀಕೆ ನೂಕಿ, ತಲೆ ತಿರುಗ್ಸಿ ತನ್ನಿ. ಅಂಗೇ ಎಳುದ್ರೆ ಒಳ್ಗೆಲ್ಲ ಹರಿದೋಯ್ತದೆ ಸಾ!"

ಸುತ್ತ ಇಪ್ಪತ್ತು ಜನ ನಿಂತಿದ್ದರು. ಯಾರೋ ಒಬ್ಬ, "ಡಾಕ್ಟ್ರಿಗೇ ಪಾಠ ಮಾಡ್ತಾವ್ನೆ ನೋಡ್ಲಾ" ಅಂತ ಕಿಸಕ್ಕನೆ ನಕ್ಕ. ಮನೋಜನ ಮುಖ ಕೆಂಪಾಯಿತು.

"ಅಜ್ಜಿ, ಫೋನಲ್ಲಿ ಮಾತಾಡೋ ಟೈಮಾ ಇದು? ಐದು ವರ್ಷ ಓದಿದೀನಿ ನಾನು. ಎಳೀರಪ್ಪ!"

ನಾಲ್ಕು ಜನ ಹಗ್ಗ ಹಿಡಿದು ಎಳೆದರು. ಹಸು ಕೂಗಿದ್ದು ಕೆರೆ ಏರಿಯವರೆಗೂ ಕೇಳಿತಂತೆ. ಫೋನು ನನ್ನ ಕೈಯಲ್ಲೇ ಇತ್ತು, ಅವನೂ ಕೇಳಿಸಿಕೊಂಡ. ಕರು ಬರಲಿಲ್ಲ. ರಕ್ತ ಬಂತು. ಮಧ್ಯಾಹ್ನದೊಳಗೆ ಹಸು ಕಾಲು ಚಾಚಿತು.

ಜವರಯ್ಯ ಎರಡು ಬಸ್ ಬದಲಿಸಿ ಬರುವ ಹೊತ್ತಿಗೆ ಗುಂಡಿ ತೋಡುತ್ತಿದ್ದರು. ನೇರ ಬಂದವನೇ ಮಂಡಿಯೂರಿ ಕೂತು ಸತ್ತ ಹಸುವಿನೊಳಗೆ ಕೈ ಹಾಕಿದ. ಕಣ್ಣು ಮುಚ್ಚಿಕೊಂಡ. "ಮುಂಗಾಲು" ಅಂದ. ಅಷ್ಟೆ.

ಮನೋಜ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ. ಕೈ ಸಹ ತೊಳೆದಿರಲಿಲ್ಲ. ಜವರಯ್ಯ ಗುಂಡಿ ತೋಡುವವರಿಗೆ ತಡೆಯಿರಿ ಅಂತ ಸನ್ನೆ ಮಾಡಿ, ನನ್ನ ಹತ್ತಿರ ಬಂದ.

"ಅಕ್ಕ, ಹಸ ನಿಂದು. ಅದ್ಕೇ ಕೇಳ್ತಾ ಇವ್ನಿ. ಆ ಉಡುಗ್ನಿಗೆ ಇದ್ರಲ್ಲಿ ತೋರಿಸ್ಕೊಡ್ಲಾ? ನಾಳೆ ಇನ್ನೊಂದು ಕೊಟ್ಗೆಗೆ ಓಗೋನೇ ಅವ್ನು."

ನನ್ನ ಹಸುವಿನ ಹೊಟ್ಟೆ ಇನ್ನೂ ಬೆಚ್ಚಗಿತ್ತು. ಬೇಡ ಅನ್ನಲು ನನಗೆ ಬಾಯಿ ಇರಲಿಲ್ಲ. "ತೋರ್ಸು" ಅಂದೆ.

ಮನೋಜನನ್ನು ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದ. ಬಯ್ಯಲಿಲ್ಲ. ಅವನು ಬಯ್ಯದೆ ಪಾಠ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಕೈ ಆಕಿ. ಇದು ಮಂಡಿ. ಮಡ್ಚಿ. ಕೆಳಗಿನ ಕೀಲು ಮಡ್ಚಿ. ಒಂದೇ ಕಡೀಕೆ ಬಂತಾ? ಈಗ ಕೈ ಪಕ್ಕಕ್ಕೆ ಸರ್ಸಿ, ಕತ್ತು ಸಿಕ್ತದೆ. ಕಿವಿ ಸಿಕ್ತಾ? ದವಡೆ ಇಡ್ಕೊಳ್ಳಿ. ಎಳೀಬ್ಯಾಡಿ, ಮೊದ್ಲು ನೂಕಿ." ಹುಡುಗನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಒಳಗೇ ಇತ್ತು. ಕರುವಿನ ತಲೆ ತಿರುಗಿಸಿ ಈಚೆಗೆ ತರಲು ಮುಕ್ಕಾಲು ಗಂಟೆ ಹಿಡಿಯಿತು. ಸತ್ತ ಹೆಣ್ಣು ಕರು. ಬಿಳಿ ಹಣೆ.

ಜವರಯ್ಯ ನನ್ನ ಮನೆಗೆ ಬರಲಿಲ್ಲ. ಆಸ್ಪತ್ರೆಯ ನಲ್ಲಿಯಲ್ಲಿ ಕೈ ತೊಳೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ನಾನು ಹಿಂದೆಯೇ ಹೋದೆ.

"ನನ್ನಿಂದ್ಲೇ ಆಗಿದ್ದು ಕಣಯ್ಯ ಇದು."

"ನೀನು ಕೇಳ್ದೆ, ನಾನು ಬರ್ದೆ. ಯಾರಿಂದ ಅಂತ ಕಂಡುಡುಕಿದ್ರೆ ಹಸ ಎದ್ದು ನಿಂತ್ಕೊಂಡದಾ?" ಬಸ್ ಬರುತ್ತಿತ್ತು. ಹತ್ತುವಾಗ ತಿರುಗಿ, "ಆ ಉಡುಗನ್ನ ಬಯ್ಬ್ಯಾಡಕ್ಕ. ಬಯ್ದ್ರೆ ಕೈ ನಡುಗ್ತದೆ. ನಡುಗೋ ಕೈ ಯಾವ ಹಸಕ್ಕೂ ಬ್ಯಾಡ" ಅಂದ.

ಅದೇ ಕೊನೆ. ಮತ್ತೆ ಈ ಕಡೆ ಬರಲಿಲ್ಲ. ಹೋದ ವರ್ಷ ಮಗಳು ಫೋನ್ ಮಾಡಿ, ಅಪ್ಪ ತೀರಿಕೊಂಡ ಅಂದಳು. ಮನೋಜ ತನ್ನ ಕಾರಲ್ಲಿ ಹೋಗಿ ಬಂದ. ನನ್ನನ್ನೂ ಕರೆದ, ನಾನು ಹೋಗಲಿಲ್ಲ.

ಈಗ ಸುತ್ತಲ ಹತ್ತು ಹಳ್ಳಿಯವರು ಕರು ಸಿಕ್ಕಿಕೊಂಡರೆ ಮನೋಜನನ್ನೇ ಕರೆಯುವುದು. ಒಳ್ಳೆ ಕೈಗುಣ ಅನ್ನುತ್ತಾರೆ. ಇರಬಹುದು. ನಾನು ಮತ್ತೆ ಹಸು ಕಟ್ಟಲಿಲ್ಲ. ಕೊಟ್ಟಿಗೆಗೆ ಸೌದೆ ತುಂಬಿದ್ದೇನೆ. ಅವನನ್ನು ಇವತ್ತಿನವರೆಗೂ ಒಂದು ಮಾತು ಬಯ್ದಿಲ್ಲ. ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವಾಗ ಅವನು ನನ್ನ ಜಗಲಿಯ ಕಡೆ ತಿರುಗಿ, "ಅಜ್ಜಿ, ಕಾಫಿ ಆಯ್ತಾ?" ಅನ್ನುತ್ತಾನೆ. ಆಯ್ತು ಅನ್ನುತ್ತೇನೆ, ಎದ್ದು ಒಳಕ್ಕೆ ಹೋಗುತ್ತೇನೆ.