ಮಳವಳ್ಳಿಯಿಂದ ಮಂಡ್ಯಕ್ಕೆ ಬ್ರೇಕ್ ಡ್ರಮ್ಮು ಹೊತ್ತು

ಈ ಪ್ರಯಾಣಕ್ಕೆ ನನಗೆ ಬಿದ್ದ ಖರ್ಚು ನಲವತ್ತು ರೂಪಾಯಿ. ಬಸ್ಸು, ರೈಲು, ಊಟ, ಒಂದು ಮಡಕೆಗೆ ಮೂರು. ಮಂಡ್ಯದ ಕೆಲಸಕ್ಕೆ ಹದಿನೈದು. ಉಳಿದ ಇಪ್ಪತ್ತೆರಡು ನನ್ನ ಜಾಣತನಕ್ಕೆ ತೆತ್ತ ದಂಡ. ಎತ್ತಿನ ಗಾಡಿ ಹೊಡೆದು ಲಾರಿ ಕೊಂಡವನು ನಾನು. ವ್ಯಾಪಾರದಲ್ಲಿ ಮೋಸ ಹೋದದ್ದು ಕಡಿಮೆ. ಹೋದದ್ದನ್ನು ಹೇಳಿದರೆ ಇನ್ನೊಬ್ಬರ ದುಡ್ಡಾದರೂ ಉಳಿದೀತು.

ನನ್ನ ಬೆಲ್ಲದ ಲಾರಿ ಓಡಿಸುವವನು ಹೆಂಡತಿಯ ತಮ್ಮ ಸಿದ್ದ. ಹಿಂದಿನ ವಾರ ಶಿವನಸಮುದ್ರದ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಅವನು ಲಾರಿಯನ್ನು ಮಣ್ಣಿನ ದಿಬ್ಬಕ್ಕೆ ಹತ್ತಿಸಿ ಜೀವ ಉಳಿಸಿಕೊಂಡ. ಗಾಲಿ ಬಿಚ್ಚಿದರೆ, ಒಳಗಿನ ಬ್ರೇಕ್ ಷೂಗಳ ಮೇಲಿನ ಪಟ್ಟಿ ಪೂರಾ ಸವೆದು, ಅದರ ಮೊಳೆಗಳು ಎಡಗಡೆಯ ಡ್ರಮ್ಮನ್ನು ಉಳುಮೆ ಮಾಡಿದಂತೆ ಗೀರಿದ್ದವು. ಡ್ರಮ್ಮೆಂದರೆ ಬಾಂಡ್ಲಿಯಂಥ ಎರಕದ ಕಬ್ಬಿಣ. ಷೂಗಳು ಅದಕ್ಕೆ ಒತ್ತಿಕೊಂಡರೇ ಗಾಡಿ ನಿಲ್ಲುವುದು. ಯುದ್ಧದ ದೆಸೆಯಿಂದ ಹೊಸದು ಬೆಂಗಳೂರಿನಲ್ಲೂ ಇಲ್ಲ. ಇದ್ದದ್ದನ್ನೇ ಸರಿಮಾಡಿಸಬೇಕು, ಇಲ್ಲವೇ ಯಾರೋ ಬಳಸಿದ್ದನ್ನು ಕೊಳ್ಳಬೇಕು.

"ಬಿರೀಕು ಸರಿ ಆಗೋಗಂಟ ನನ್ ತಮ್ಮ ಆ ಗಾಡಿ ಮುಟ್ಟಕ್ಕಿಲ್ಲ" ಎಂದಳು ಹೆಂಡತಿ. "ಅಂಗೇ ಮದ್ದೂರಿಂದ ಒಂದು ಮಡಕೆ ತನ್ನಿ."

ಬೆಳಿಗ್ಗೆ ನಾನೂ ಸಿದ್ದನೂ ಡ್ರಮ್ಮನ್ನೂ ಷೂಗಳನ್ನೂ ಗೋಣಿಗೆ ಹಾಕಿ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಹತ್ತಿದೆವು. ಕಂಡಕ್ಟರು ಗೋಣಿಗೂ ಟಿಕೀಟು ಕೇಳಿದ. ಅದನ್ನು ಕಾಲಡಿ ಇಟ್ಟುಕೊಂಡು, ಕಾಲಿಗೆ ಟಿಕೀಟು ಇದೆಯೇ ಎಂದು ಕೇಳಿ ಸುಮ್ಮನಾಗಿಸಿದೆ. ಹದಿನೈದು ಮೈಲಿಗೆ ಎರಡು ಗಂಟೆ ಹಿಡಿಯಿತು. ಏರು ಬಂದಲ್ಲೆಲ್ಲ ನಾವೇ ಇಳಿದು ತಳ್ಳಿದೆವು.

ಮದ್ದೂರಿನಲ್ಲಿ ಹಳೆಯ ಮೋಟಾರು ಸಾಮಾನಿನ ಅಂಗಡಿಯೊಂದಿತ್ತು. ಅಲ್ಲಿ ನಮ್ಮ ಅಳತೆಯದೇ ಡ್ರಮ್ಮು, ಡಾಂಬರು ಬಳಿದು ಮಿರಮಿರನೆ ಮಿನುಗುತ್ತಿತ್ತು. ಅಂಗಡಿಯವನು ನಲವತ್ತು ಅಂದ. ನಾನು ಎರಡು ಸಲ ಅಂಗಡಿಯಿಂದ ಇಳಿದು, ಎರಡು ಸಲ ಕರೆಸಿಕೊಂಡು, ಇಪ್ಪತ್ತೆರಡಕ್ಕೆ ಮುಗಿಸಿದೆ. ಆ ಹಿಗ್ಗಿನಲ್ಲೇ ಸ್ಟೇಷನ್ ಹತ್ತಿರ ಮಡಕೆ ಕೊಂಡೆ. ಬೆರಳಿನಿಂದ ತಟ್ಟಿ ತಟ್ಟಿ ಏಳನ್ನು ಬದಿಗಿಟ್ಟು ಎಂಟನೆಯದನ್ನು ತೆಗೆದುಕೊಂಡೆ. ಕುಂಬಾರಗಿತ್ತಿ, "ಹೆಣ್ಣು ನೋಡೋಕೂ ಇಷ್ಟೊತ್ತು ಮಾಡಿದ್ರಾ ಗೌಡ್ರೆ?" ಎಂದಳು. ಬಿಸಿ ವಡೆ ತಿಂದು ರೈಲು ಹತ್ತಿದೆವು.

ಮಂಡ್ಯದಲ್ಲಿ ನಾವು ಹುಡುಕಿ ಹೋದದ್ದು ಒಬ್ಬ ವೃದ್ಧ ಆಚಾರಿಯನ್ನು. ಗಾಡಿ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಕೂರಿಸುತ್ತಿದ್ದ ಮನೆತನ. ಈಗ ಕಬ್ಬಿಣವನ್ನು ತಿರುಗಿಸಿ ಕಡಿಯುವ ಕರೆಂಟಿನ ಲೇತು ಇಟ್ಟಿದ್ದಾರೆ. ಷೂಗಳಿಗೆ ಪಟ್ಟಿ ಕಟ್ಟಿಕೊಟ್ಟರೆ ಸಾಕು, ಡ್ರಮ್ಮು ತಂದಿದ್ದೇನೆ ಎಂದೆ. ಅವರು ಎರಡು ಡ್ರಮ್ಮನ್ನೂ ಒಂದೊಂದಾಗಿ ಹಗ್ಗಕ್ಕೆ ನೇತುಹಾಕಿ ಚಿಕ್ಕ ಸುತ್ತಿಗೆಯಿಂದ ಮುಟ್ಟಿದರು. ಗೀರು ಬಿದ್ದ ನಮ್ಮದು ಗುಡಿಯ ಗಂಟೆಯಂತೆ ದನಿ ಎಳೆಯಿತು. ಮಿನುಗುತ್ತಿದ್ದದ್ದು ಬೊದ್ದೆಂದಿತು.

ಅವರು ಡಾಂಬರು ಕೆರೆದು, ಸೀಮೆಎಣ್ಣೆ ಸವರಿ ಒರೆಸಿ, ಎಲೆಅಡಿಕೆ ಚೀಲದಿಂದ ಒಣಸುಣ್ಣ ತೆಗೆದು ಉದುರಿಸಿದರು. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕೂದಲೆಳೆಯಂಥ ಎಣ್ಣೆಗೆರೆ ಎದ್ದಿತು. ಬಿರುಕಿನೊಳಗೆ ಅಡಗಿದ್ದ ಎಣ್ಣೆ ಸುಣ್ಣಕ್ಕೆ ಬಂದಿತ್ತು.

"ಇದು ಇಳಿಜಾರಲ್ಲಿ ಕಾದ್ರೆ ಎರಡು ಓಳು" ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಮಡಕೆ ನೋಡಿದರು. "ಮಡಕೆ ತಟ್ಟಿ ತಗಂಡ್ರಾ ಗೌಡ್ರೆ?"

"ಎಂಟು ತಟ್ಟಿದ್ರು" ಎಂದ ಸಿದ್ದ. ಅವನು ನಗಲಿಲ್ಲ.

"ನಿಮ್ದು ಸವೆದೈತೆ, ಸೀಳಿಲ್ಲ" ಎಂದರು ಆಚಾರಿ. "ದಪ್ಪ ಇನ್ನೂ ಐತೆ. ಲೇತಿಗೆ ಹಾಕಿ ನಯ ಮಾಡ್ತೀನಿ. ಪಟ್ಟಿ ಮಾತ್ರ ಎಡಕ್ಕೂ ಬಲಕ್ಕೂ ಕಟ್ಟಬೇಕು."

ಎಡಕ್ಕೆ ಮಾತ್ರ ಸಾಕು ಎಂದು ನಾನು ಚೌಕಾಸಿಗಿಳಿದೆ. "ಒಂದೆತ್ತಿಗೆ ಮೇವಾಕಿ ಇನ್ನೊಂದನ್ನ ಉಪವಾಸ ಕೆಡವಿ ನೊಗ ಕಟ್ತೀರಾ? ಗಾಡಿ ಒಂದು ಕಡೆಗೆ ಎಳೀತದೆ" ಎಂದರು ಆಚಾರಿ. ಬಲಗಡೆಯ ಷೂಗಳನ್ನು ತಂದಿಲ್ಲವಲ್ಲ ಎನ್ನುವಷ್ಟರಲ್ಲಿ ಸಿದ್ದ ಗೋಣಿಯ ತಳದಿಂದ ಅವನ್ನೂ ತೆಗೆದಿಟ್ಟ. "ನೀವು ಬ್ಯಾಡ ಅಂತೀರಾ ಅಂತ ಕೇಳ್ನಿಲ್ಲ, ಭಾವ. ಇಳಿಜಾರಲ್ಲಿ ಕೂರೋನು ನಾನು ಕಣಿ."

ಅಲ್ಲಿಗೆ ನನ್ನ ಚೌಕಾಸಿ ಮುಗಿಯಿತು. ಆಚಾರಿ ಮರುದಿನ ಮಧ್ಯಾಹ್ನದವರೆಗೆ ಲೇತಿನ ಮುಂದೆ ನಿಂತರು. ಕೂದಲೆಳೆಯಷ್ಟು ಕಡಿಯುವುದು, ಬೆರಳಾಡಿಸುವುದು, ಮತ್ತೆ ಕಡಿಯುವುದು. ಹದಿನೈದು ರೂಪಾಯಿ ಹೇಳಿದರು. ಜನ್ಮದಲ್ಲಿ ಮೊದಲ ಸಲ ಕೇಳಿದಷ್ಟೇ ಕೊಟ್ಟೆ.

ಹಿಂತಿರುಗುವಾಗ ಮದ್ದೂರಿನ ಅಂಗಡಿಯವನು, "ನೋಡಿ ತಗಂಡಿದ್ದೀರಲ್ಲ ಸ್ವಾಮಿ. ಬೇಕಾದ್ರೆ ಗುಜರಿ ಲೆಕ್ಕದಲ್ಲಿ ಮೂರು ರೂಪಾಯಿ ಕೊಡ್ತೀನಿ" ಎಂದ. ಅವನ ಹಿಂದೆ ಡಾಂಬರಿನ ಡಬ್ಬಿ ಕಂಡಿತು. ಮೂರು ರೂಪಾಯಿ ಬಿಟ್ಟು ಡ್ರಮ್ಮನ್ನು ಮನೆಗೆ ಹೊತ್ತು ತಂದೆ.

ಸೋಮವಾರ ಅದೇ ಇಳಿಜಾರಿನಲ್ಲಿ ಸಿದ್ದನ ಪಕ್ಕ ನಾನೇ ಕೂತೆ. ಮೂಟೆ ತುಂಬಿದ ಲಾರಿ, ಅವನು ನಿಲ್ಲಿಸುತ್ತೇನೆಂದು ಹೇಳಿದ ಹುಣಸೆಮರದ ಎದುರಿಗೆ, ಬಲಕ್ಕೂ ಎಡಕ್ಕೂ ಜರುಗದೆ ನಿಂತಿತು.

ಓದುವವರಿಗೆ ನನ್ನ ಮಾತು ಇಷ್ಟೆ. ಸವೆದದ್ದಕ್ಕೆ ಹೆದರಬೇಡಿ, ದಪ್ಪವಿದ್ದರೆ ಸರಿಮಾಡಿಸಿ. ಬಿರುಕಿದ್ದದ್ದನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಬಣ್ಣ ಬಳಿದದ್ದನ್ನು ಕೆರೆದು ನೋಡಿ, ನೇತುಹಾಕಿ ತಟ್ಟಿ, ಆಮೇಲೆ ಬೆಲೆ ಕೇಳಿ. ದನಿಯ ಗುರುತು ಸಿಗದಿದ್ದರೆ ಮಳವಳ್ಳಿಗೆ ಬನ್ನಿ. ನನ್ನ ಲಾರಿ ಕೊಟ್ಟಿಗೆಯಲ್ಲಿ ಆ ಇಪ್ಪತ್ತೆರಡು ರೂಪಾಯಿ ತೂಗುಹಾಕಿದ್ದೇನೆ. ಪಕ್ಕದಲ್ಲಿ ಸುತ್ತಿಗೆಯೂ ಇದೆ. ಒಮ್ಮೆ ತಟ್ಟಿ ಕೇಳಿಸಿಕೊಂಡು ಹೋಗಿ.